ಬಳ್ಳಿಯೊಳಗಿನ ಕೋಟೆಗೆ ಲಗ್ಗೆ

ಗುಂಡಿ ಒತ್ತಿದರೆ ಮಿಂಚು.

ಬೆರಳ ತುದಿಯಷ್ಟಗಲದ ಒಂದು ಪ್ಲಾಸ್ಟಿಕ್ ಕುಪ್ಪಿ. ಎದುರುಬದುರು ಗೋಡೆಗಳಲ್ಲಿ ಲೋಹದ ತಗಡು, ನಡುವೆ ಒಂದೆರಡು ಮಿಲಿಮೀಟರ್ ಸಂದು. ಆ ಸಂದಿನಲ್ಲಿ ಮಂಜಿನಷ್ಟು ತಣ್ಣಗಿನ ಹನಿ, ಹನಿಯೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಅವುಗಳ ಸುತ್ತ ಡಿಎನ್‌ಎಯ ತುಣುಕುಗಳು ತೇಲುತ್ತಿವೆ. ಕೋಟೆಯೊಳಕ್ಕೆ ಕಳಿಸಬೇಕಾದ ಗೂಢಚಾರರು ಅವು. ಗುಂಡಿ ಒತ್ತಿದರೆ ಸೆಕೆಂಡಿನ ಸಾವಿರದ ಕೆಲವೇ ಪಾಲಿನಷ್ಟು ಹೊತ್ತು ಭಾರೀ ವೋಲ್ಟೇಜು ಹನಿಯನ್ನು ಸೀಳಿಕೊಂಡು ಹೋಗುತ್ತದೆ. ಜೀವಕೋಶಗಳ ಪೊರೆಯಲ್ಲಿ ರಂಧ್ರ ಬೀಳುತ್ತದೆ. ಬಹಳಷ್ಟು ಕೋಶಗಳು ಅಲ್ಲೇ ಸಾಯುತ್ತವೆ. ಉಳಿದವುಗಳಲ್ಲಿ ಕೆಲವಕ್ಕಾದರೂ, ರಂಧ್ರ ಮುಚ್ಚಿಕೊಳ್ಳುವ ಮುನ್ನ, ಗೂಢಚಾರ ನುಸುಳಿರಬೇಕು.

ಟಕ್.

ಹನಿಯನ್ನೆತ್ತಿ ಆಂಟಿಬಯಾಟಿಕ್ ಬೆರೆಸಿದ ತಟ್ಟೆಯ ಮೇಲೆ ಹರಡಿದ್ದಾಯಿತು. ಗೂಢಚಾರನ ಮಡಿಲಲ್ಲಿ ಆ ಆಂಟಿಬಯಾಟಿಕ್ಕನ್ನು ತಡೆದುಕೊಳ್ಳುವ ಜೀನ್ ಇದೆ. ಅವನು ಒಳಹೊಕ್ಕು ಬದುಕಿದ್ದರೆ ಅವನನ್ನು ಹೊತ್ತ ಕೋಶವೂ ಬದುಕುತ್ತದೆ, ಒಂದು ಎರಡಾಗಿ, ಎರಡು ನಾಲ್ಕಾಗಿ, ತಟ್ಟೆಯ ಮೇಲೆ ಬಿಳಿ ಚುಕ್ಕೆಯಾಗಿ ಏಳುತ್ತದೆ. ಕಾಯಬೇಕು. ಈ. ಕೋಲಿ ಬ್ಯಾಕ್ಟೀರಿಯಾ ಆಗಿದ್ದರೆ ಮರುದಿನ ಬೆಳಿಗ್ಗೆಗೆ ತಟ್ಟೆ ತುಂಬ ಚುಕ್ಕೆ. ಇದು ಆ ಜಾತಿಯದಲ್ಲ. ಮೂರನೇ ದಿನ ಏನೂ ಇಲ್ಲ. ಏಳನೇ ದಿನ ಏನೂ ಇಲ್ಲ. ಎರಡು ವಾರ ಕಳೆದು ತಟ್ಟೆಯನ್ನು ಬೆಳಕಿಗೆ ಹಿಡಿದರೆ, ಖಾಲಿ.

ಗೂಢಚಾರರೆಲ್ಲ ಸತ್ತಿದ್ದಾರೆ. ಗೋಡೆ ದಾಟುವ ಮುಂಚೆಯೇ ಸತ್ತರೋ, ದಾಟಿದ ಮೇಲೆ ಸಿಕ್ಕಿಬಿದ್ದರೋ? ಅದನ್ನು ಹೇಳಲು ಮರಳಿ ಬಂದವರು ಒಬ್ಬರೂ ಇಲ್ಲ.

ಈ ಕೋಟೆಯ ಹೆಸರು ಕ್ಸೈಲೆಲ್ಲಾ ಫ್ಯಾಸ್ಟಿಡಿಯೋಸಾ. ದ್ರಾಕ್ಷಿ ಬಳ್ಳಿಯನ್ನು ನೀರಿನ ನಡುವೆಯೇ ಬಾಯಾರಿಸಿ ಕೊಲ್ಲುವ ಬ್ಯಾಕ್ಟೀರಿಯಾ. ಇದರ ಒಂದೊಂದು ಜೀನನ್ನು ಮುರಿದು ನೋಡದೆ ಇದು ಹೇಗೆ ಕೊಲ್ಲುತ್ತದೆಂದು ತಿಳಿಯದು. ಜೀನ್ ಮುರಿಯಬೇಕಾದರೆ ಒಳಗೆ ಡಿಎನ್‌ಎ ಹೋಗಬೇಕು. ಆದರೆ ಕಳಿಸಿದ್ದು ಬದುಕುತ್ತಿಲ್ಲ. ಈ ಬಾಗಿಲ ಮುಂದೆ ನಿಲ್ಲಲಿಕ್ಕೇ ಮನುಷ್ಯರಿಗೆ ನೂರು ವರ್ಷಕ್ಕೂ ಮಿಕ್ಕಿ ಹಿಡಿದಿತ್ತು.

1857ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಜರ್ಮನ್ ವಲಸಿಗರ ಗುಂಪೊಂದು ದಕ್ಷಿಣ ಕ್ಯಾಲಿಫೋರ್ನಿಯಾದ ಸಾಂತಾ ಅನಾ ನದಿಯ ಬಯಲಿಗೆ ಬಂದು ಊರು ಕಟ್ಟಿತು. ನದಿಯ ಹೆಸರಿಗೆ ತಮ್ಮ ಭಾಷೆಯಲ್ಲಿ ಮನೆ ಎಂಬರ್ಥದ ಪದ ಜೋಡಿಸಿ ಅನಾಹೈಮ್ ಎಂದರು. ಬಡಗಿಗಳು, ಕಮ್ಮಾರರು, ಗಡಿಯಾರ ರಿಪೇರಿಯವರು, ಸಂಗೀತಗಾರರು. ದ್ರಾಕ್ಷಿ ಕೃಷಿ ಬಲ್ಲವರು ಅವರಲ್ಲಿ ಬೆರಳೆಣಿಕೆಯಷ್ಟು. ಆದರೂ ನದಿಯಿಂದ ಕಾಲುವೆ ತೋಡಿದರು, ಕಡ್ಡಿ ನೆಟ್ಟರು, ಬಳ್ಳಿ ಹಬ್ಬಿಸಿದರು. ಇಪ್ಪತ್ತೈದು ವರ್ಷದಲ್ಲಿ ಆ ಬಯಲು ಇಡೀ ರಾಜ್ಯಕ್ಕೆ ವೈನ್ ಇಳಿಸುವ ಸೀಮೆಯಾಯಿತು.

1880ರ ದಶಕದ ನಡುವೆ ಒಂದು ಬೇಸಿಗೆ ಎಲೆಗಳ ಅಂಚು ಕಂದಿತು.

ಬಿಸಿಲಿಗೆ ಸುಟ್ಟಿರಬೇಕು ಎಂದುಕೊಂಡರು. ನೀರು ಬಿಟ್ಟರು. ಬುಡದ ಮಣ್ಣು ಹಸಿಯಾಗಿಯೇ ಇತ್ತು, ಎಲೆ ಮಾತ್ರ ಅಂಚಿನಿಂದ ಒಳಗೆ, ಬಳೆ ಬಳೆಯಾಗಿ, ಒಣಗುತ್ತ ಹೋಯಿತು. ಕೊನೆಗೆ ಎಲೆ ಕಳಚಿ ಬಿದ್ದರೂ ತೊಟ್ಟು ಬಳ್ಳಿಗೇ ಅಂಟಿಕೊಂಡು ಬೆಂಕಿಕಡ್ಡಿಯ ಹಾಗೆ ನಿಂತಿತು. ಗೊಂಚಲುಗಳು ಹಣ್ಣಾಗುವ ಮೊದಲೇ ಸುಕ್ಕಿದವು. ಮಾಗಿದ ಕಂದು ಕಡ್ಡಿಯ ಮೇಲೆ ಅಲ್ಲಲ್ಲಿ ಹಸಿರು ತೇಪೆ ಹಾಗೆಯೇ ಉಳಿಯಿತು. ಮರುವರ್ಷ ಚಿಗುರು ಮುದುಡಿತು, ಅದರ ಮರುವರ್ಷ ಬಳ್ಳಿ ಇರಲಿಲ್ಲ. ಪಕ್ಕದ ತೋಟ, ಅದರ ಪಕ್ಕದ್ದು, ಕಾಲುವೆಯಾಚೆಯದು. ಕೆಲವೇ ವರ್ಷಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 35,000 ಎಕರೆಗೂ ಹೆಚ್ಚು ದ್ರಾಕ್ಷಿ ನಾಶವಾಯಿತು. ಸತ್ತ ಬಳ್ಳಿಗಳನ್ನು ಕಿತ್ತು ಜನ ಕಿತ್ತಳೆ ನೆಟ್ಟರು. 1889ರಲ್ಲಿ ಅನಾಹೈಮ್ ಸೀಮೆ ಪ್ರತ್ಯೇಕ ಜಿಲ್ಲೆಯಾದಾಗ ಅದಕ್ಕಿಟ್ಟ ಹೆಸರು ಆರೆಂಜ್ ಕೌಂಟಿ. ಇವತ್ತು ಡಿಸ್ನಿಲ್ಯಾಂಡ್ ನೋಡಲು ಹೋಗುವ ನಮ್ಮವರು ಇಳಿಯುವ ಊರು ಇದೇ ಅನಾಹೈಮ್.

ಅದೇ 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ನ್ಯೂಟನ್ ಪಿಯರ್ಸ್ ಎಂಬ ವಿಜ್ಞಾನಿಯನ್ನು ಕಳಿಸಿತು. ಅವನ ಕೈಯಲ್ಲಿದ್ದದ್ದು ಸೂಕ್ಷ್ಮದರ್ಶಕ, ನೋಟ್‌ಪುಸ್ತಕ ಮತ್ತು ಬಿಡದ ಹಟ. ಸಾಯುತ್ತಿದ್ದ ತೋಟಗಳನ್ನು ಸಾಲು ಸಾಲಾಗಿ ಅಳೆದ. ಇದೇ ರೋಗ ಬೇರೆಲ್ಲಾದರೂ ಇದೆಯೇ ಎಂದು ಸಮುದ್ರ ದಾಟಿ ಯುರೋಪಿನ ದ್ರಾಕ್ಷಿ ನಾಡುಗಳನ್ನು ಸುತ್ತಿದ. ಎಲ್ಲೂ ಇರಲಿಲ್ಲ. 1892ರಲ್ಲಿ ದೊಡ್ಡ ವರದಿ ಬರೆದ. ಮಣ್ಣಿನದಲ್ಲ, ಬಿಸಿಲಿನದಲ್ಲ, ಗೊತ್ತಿರುವ ಯಾವ ಬೂಷ್ಟಿನದೂ ಅಲ್ಲ. ಕಣ್ಣಿಗೆ ಬೀಳದ ಯಾವುದೋ ಸೂಕ್ಷ್ಮಜೀವಿಯ ಮೇಲೆ ಅವನ ಅನುಮಾನವಿತ್ತು. ಅನುಮಾನ ಸರಿಯಾಗಿತ್ತು, ಆದರೆ ಆರೋಪಿ ಕೈಗೆ ಸಿಗಲಿಲ್ಲ. ರೋಗಕ್ಕೆ ಮುಂದೆ ಅವನ ಹೆಸರನ್ನೇ ಇಟ್ಟರು, ಪಿಯರ್ಸ್ ಕಾಯಿಲೆ.

ಆಮೇಲೆ ಎಂಬತ್ತು ವರ್ಷ ಕತ್ತಲಲ್ಲಿ ತಡಕಾಟ. 1940ರ ದಶಕದ ಹೊತ್ತಿಗೆ ರೋಗ ಹೊತ್ತು ತರುವುದು ರಸ ಹೀರುವ ಜಿಗಿಹುಳು ಎಂಬುದು ಖಚಿತವಾಯಿತು. ಕಸಿ ಕಟ್ಟಿದರೆ ಅಂಟುತ್ತದೆ, ಹುಳು ಕಚ್ಚಿದರೆ ಅಂಟುತ್ತದೆ, ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ. ಹಾಗಾದರೆ ವೈರಸ್ಸೇ ಇರಬೇಕು ಎಂದು ಪಂಡಿತರು ತೀರ್ಮಾನಿಸಿದರು. ಮೂರು ದಶಕ ಎಲ್ಲರೂ ಇಲ್ಲದ ವೈರಸ್ಸಿನ ಬೆನ್ನು ಹತ್ತಿದರು. 1971ರಲ್ಲಿ ಫ್ಲಾರಿಡಾದಲ್ಲಿ ಕಾಯಿಲೆಬಿದ್ದ ಬಳ್ಳಿಗೆ ಟೆಟ್ರಾಸೈಕ್ಲಿನ್ ಕುಡಿಸಿ ನೋಡಿದಾಗ ಲಕ್ಷಣ ತಗ್ಗಿತು. ಟೆಟ್ರಾಸೈಕ್ಲಿನ್‌ಗೆ ವೈರಸ್ ಬಗ್ಗುವುದಿಲ್ಲ! 1973ರಲ್ಲಿ ಎರಡು ತಂಡಗಳು ಬಳ್ಳಿಯ ನೀರಿನ ನಾಳವನ್ನು ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟವು. ಅಲ್ಲಿತ್ತು, ನಾಳದ ತುಂಬ, ಅಂಕುಡೊಂಕು ಗೋಡೆಯ ಪುಟ್ಟ ಕೋಲುಗಳ ಗುಂಪು. ಕಣ್ಣಿಗೆ ಬಿತ್ತು, ಸರಿ. ಬಂಧಿಸುವುದು ಹೇಗೆ? ನಡುವೆ ಒಮ್ಮೆ ಲ್ಯಾಕ್ಟೋಬ್ಯಾಸಿಲಸ್ ಒಂದನ್ನು ಹಿಡಿದು ಇದೇ ಅಪರಾಧಿ ಎಂದದ್ದೂ ಉಂಟು. ಅದು ಅಮಾಯಕ. 1978ರಲ್ಲಿ ಡೇವಿಸ್, ಪರ್ಸೆಲ್, ಥಾಮ್ಸನ್ ಎಂಬ ಮೂವರು ಕಡೆಗೂ ನಿಜವಾದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿದರು, ಅದನ್ನು ಆರೋಗ್ಯವಂತ ಬಳ್ಳಿಗೆ ಚುಚ್ಚಿ ಕಾಯಿಲೆ ತರಿಸಿದರು, ಕಾಯಿಲೆಯ ಬಳ್ಳಿಯಿಂದ ಅದನ್ನೇ ಮತ್ತೆ ಹೊರತೆಗೆದರು. 1987ರಲ್ಲಿ ನಾಮಕರಣ. ಕ್ಸೈಲೆಲ್ಲಾ ಎಂದರೆ ನೀರಿನ ನಾಳದಲ್ಲಿ ವಾಸಿಸುವುದು, ಫ್ಯಾಸ್ಟಿಡಿಯೋಸಾ ಎಂದರೆ ಯಾವುದಕ್ಕೂ ಒಪ್ಪದ ಹಟಮಾರಿ. ಇದಕ್ಕಿಂತ ಒಪ್ಪುವ ಹೆಸರು ಇರಲಾರದು.

ಅಷ್ಟರಲ್ಲಿ ಶತ್ರುವಿಗೆ ಹೊಸ ಕುದುರೆ ಸಿಕ್ಕಿತ್ತು.

ಅಮೆರಿಕದ ಆಗ್ನೇಯ ರಾಜ್ಯಗಳ ಒಂದು ಜಿಗಿಹುಳು, ಅರ್ಧ ಇಂಚು ಉದ್ದ, ಗಾಜಿನಂತೆ ಹೊಳೆಯುವ ರೆಕ್ಕೆ. 1980ರ ದಶಕದ ಕೊನೆಗೆ ಅದು ಕ್ಯಾಲಿಫೋರ್ನಿಯಾ ಸೇರಿತು. ನರ್ಸರಿ ಗಿಡಗಳ ಎಲೆಯಡಿ ಮೊಟ್ಟೆಯಾಗಿ ಬಂದಿರಬೇಕೆಂಬುದು ಎಲ್ಲರ ನಂಬಿಕೆ. ಅಲ್ಲಿನ ಹಳೆಯ ಹುಳು ಹೊಳೆಯಂಚಿನ ಪೊದೆ ಬಿಟ್ಟು ಹೆಚ್ಚು ದೂರ ಬರುತ್ತಿರಲಿಲ್ಲ, ಎಳೆ ಚಿಗುರನ್ನಷ್ಟೇ ಹೀರುತ್ತಿತ್ತು. ಇದು ಹಾಗಲ್ಲ. ದೂರ ಹಾರುತ್ತದೆ, ಬಲಿತ ಕಾಂಡಕ್ಕೂ ಸೂಜಿ ಇಳಿಸುತ್ತದೆ, ಬಳ್ಳಿಯಿಂದ ಬಳ್ಳಿಗೆ ನೇರವಾಗಿ ರೋಗ ಸಾಗಿಸುತ್ತದೆ. ಬ್ಯಾಕ್ಟೀರಿಯಾ ಅದರ ಅನ್ನನಾಳದ ಬಾಯಲ್ಲಿ ಅಂಟಿ ಕೂತಿರುತ್ತದೆ. ಬೆಳೆದ ಹುಳುವಿಗೆ ಒಮ್ಮೆ ಅಂಟಿದರೆ ಹುಳು ಸಾಯುವ ತನಕ ರೋಗ ಹಂಚುತ್ತಲೇ ಹೋಗುತ್ತದೆ. 1999ರಲ್ಲಿ ಲಾಸ್ ಏಂಜಲಿಸಿನ ಆಗ್ನೇಯಕ್ಕಿರುವ ಟೆಮೆಕ್ಯುಲಾ ಕಣಿವೆಯ ತೋಟಗಳು ಕಣ್ಣೆದುರೇ ಒಣಗತೊಡಗಿದವು. ನೂರಾರು ಎಕರೆ. ಅನಾಹೈಮ್‌ನ ಕತೆ ಮತ್ತೆ ಮೊದಲಿಂದ.

ಈ ಸಲ ಕೈಯಲ್ಲಿ ಕೋಟೆಯ ನಕಾಶೆ ಇತ್ತು, ಅದೂ ಬ್ರೆಜಿಲ್‌ನಿಂದ ಬಂದದ್ದು. ಅಲ್ಲಿ ಇದೇ ಬ್ಯಾಕ್ಟೀರಿಯಾದ ಇನ್ನೊಂದು ತಳಿ ಕಿತ್ತಳೆ ತೋಟಗಳನ್ನು ತಿನ್ನುತ್ತಿತ್ತು. ಸಾವೊ ಪೌಲೊ ರಾಜ್ಯದ ಮೂವತ್ತಕ್ಕೂ ಹೆಚ್ಚು ಪ್ರಯೋಗಾಲಯಗಳು ಹೆಗಲು ಕೊಟ್ಟು 26,79,305 ಅಕ್ಷರಗಳ ಕ್ರೋಮೋಸೋಮೂ ಸೇರಿ ಅದರ ಇಡೀ ಜೀನೋಮನ್ನು ಓದಿ ಮುಗಿಸಿದವು. 2000ದ ಜುಲೈ 13ರ 'ನೇಚರ್' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಸಸ್ಯರೋಗ ತರುವ ಬ್ಯಾಕ್ಟೀರಿಯಾವೊಂದರ ಜೀನೋಮನ್ನು ಪೂರ್ತಿ ಓದಿದ್ದು ಜಗತ್ತಿನಲ್ಲೇ ಅದು ಮೊದಲು. ಶ್ರೀಮಂತ ದೇಶಗಳ ಭಾರೀ ಸಂಸ್ಥೆಗಳಿಗಿಂತ ಮುಂಚೆ ಬ್ರೆಜಿಲ್ ಈ ಗೆರೆ ಮುಟ್ಟಿತೆಂಬುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. 2003ರಲ್ಲಿ ಟೆಮೆಕ್ಯುಲಾದ ದ್ರಾಕ್ಷಿಗೆ ಬಿದ್ದ ಬ್ಯಾಕ್ಟೀರಿಯಾ ತಳಿಯ ನಕಾಶೆಯೂ ಬಂತು, ಸುಮಾರು 25 ಲಕ್ಷ ಅಕ್ಷರ.

ನಕಾಶೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಣೆಗಳು. ಅರ್ಧಕ್ಕಿಂತ ಹೆಚ್ಚಿನ ಕೋಣೆಗಳಲ್ಲಿ ಏನು ನಡೆಯುತ್ತದೆಂದೇ ಗೊತ್ತಿಲ್ಲ. ಬೇರೆ ಸಸ್ಯರೋಗಾಣುಗಳು ಗಿಡದ ಕೋಶಕ್ಕೆ ವಿಷ ಚುಚ್ಚಲು ಬಳಸುವ ಸಿರಿಂಜಿನಂಥ ಯಂತ್ರ ಇದರಲ್ಲಿ ಇಲ್ಲವೇ ಇಲ್ಲ. ಹಾಗಾದರೆ ಕೊಲ್ಲುವುದು ಹೇಗೆ? ನಕಾಶೆಯನ್ನು ಎಷ್ಟು ದಿಟ್ಟಿಸಿದರೂ ಉತ್ತರ ಬರುವುದಿಲ್ಲ. ಒಳಗೆ ಹೋಗಿ ಒಂದೊಂದೇ ದೀಪ ಆರಿಸಿ ನೋಡಬೇಕು. ಮತ್ತೆ ಅದೇ ಕುಪ್ಪಿ, ಅದೇ ಗುಂಡಿ, ಅದೇ ಖಾಲಿ ತಟ್ಟೆ.

ಮೊದಲ ಬಿರುಕು ಮೂಡಿದ್ದು 2001ರಲ್ಲಿ, ಎರಡು ಕಡೆ. ಬ್ರೆಜಿಲ್ ಮತ್ತು ಫ್ರಾನ್ಸಿನವರು ಸೇರಿ ಒಂದು ಉಪಾಯ ಹೂಡಿದರು. ಕ್ಸೈಲೆಲ್ಲಾ ತನ್ನ ಡಿಎನ್‌ಎಯನ್ನು ನಕಲು ಮಾಡಲು ಶುರುಮಾಡುವ ಜಾಗವೊಂದಿದೆ. ಆ ಚೂರನ್ನೇ ಕತ್ತರಿಸಿ ತಮ್ಮ ಪ್ಲಾಸ್ಮಿಡ್ಡಿಗೆ, ಎಂದರೆ ಕ್ರೋಮೋಸೋಮಿನಿಂದ ಬೇರೆಯಾಗಿ ನಕಲಾಗುವ ಪುಟ್ಟ ಡಿಎನ್‌ಎಗೆ, ಹೊಲಿದರು. ಒಳಹೋದ ಮೇಲೆ ಕೋಶ ಅದನ್ನು ತನ್ನದೆಂದು ನಕಲಿಸುತ್ತದೆ. ಕಿತ್ತಳೆಯ ತಳಿಯಲ್ಲಿ ಅದು ನಿಂತಿತು.

ಡೇವಿಸ್ ಎಂಬ ಊರಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಗಲಿ ಗಿಲಾಬೆರ್, ಬ್ರೂಸ್ ಕರ್ಕ್‌ಪ್ಯಾಟ್ರಿಕ್ ಮತ್ತು ಜೊತೆಯವರ ಉಪಾಯ ಇನ್ನೂ ಸಾಹಸದ್ದು. ಟಿಎನ್5 ಎಂಬ ಜಿಗಿಯುವ ಜೀನ್ ಇದೆ. ಅದನ್ನು ಡಿಎನ್‌ಎಯಲ್ಲಿ ನಾಟುವ ಕಿಣ್ವವನ್ನು ಹೊರಗೇ, ಪರೀಕ್ಷಾನಳಿಗೆಯಲ್ಲೇ, ಅದಕ್ಕೆ ಕಚ್ಚಿಸಿಬಿಟ್ಟರು. ಮ್ಯಾಗ್ನೀಸಿಯಂ ಇಲ್ಲದೆ ಆ ಕಿಣ್ವ ಕೆಲಸ ಮಾಡದು, ನಳಿಗೆಯಲ್ಲಿ ಮ್ಯಾಗ್ನೀಸಿಯಂ ಇಟ್ಟಿಲ್ಲ. ಮಿಂಚು ಹೊಡೆಯಿತು. ರಂಧ್ರದಿಂದ ಒಳಬಿದ್ದ ಕ್ಷಣವೇ ಕೋಶದ ಮ್ಯಾಗ್ನೀಸಿಯಂ ಸೋಕಿತು, ಕಿಣ್ವ ಎಚ್ಚರವಾಯಿತು, ಕಾವಲಿನವರು ಬೆನ್ನಟ್ಟುವ ಮೊದಲೇ ಸಿಕ್ಕ ಜಾಗದಲ್ಲಿ ಕ್ರೋಮೋಸೋಮಿನೊಳಕ್ಕೆ ಹೂತುಕೊಂಡಿತು. ಈಗ ಅದನ್ನು ಕೋಟೆಯ ಗೋಡೆಯಿಂದ ಬೇರ್ಪಡಿಸುವಂತಿಲ್ಲ. ತಟ್ಟೆಯ ಮೇಲೆ ಚುಕ್ಕೆಗಳು ಎದ್ದವು!

ಒಂದೊಂದು ಚುಕ್ಕೆಯಲ್ಲೂ ಒಂದೊಂದು ಜೀನ್ ಮುರಿದ ಬ್ಯಾಕ್ಟೀರಿಯಾ. ಯಾವುದು ಮುರಿದರೆ ಕಾಯಿಲೆ ನಿಲ್ಲುತ್ತದೆ?

ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಕರಿನ್ ನ್ಯೂಮನ್, ಸ್ಟೀವನ್ ಲಿಂಡೋ ಮತ್ತು ಸಂಗಡಿಗರು 2003ರಲ್ಲಿ ಶತ್ರುವಿನ ಕೈಗೇ ದೀವಟಿಗೆ ಕೊಟ್ಟರು. ಅಂಬಲಿಮೀನಿನ ಹಸಿರು ಹೊಳೆಯುವ ಪ್ರೋಟೀನಿನ ಜೀನನ್ನು ಕ್ಸೈಲೆಲ್ಲಾದ ಕ್ರೋಮೋಸೋಮಿಗೆ ಸೇರಿಸಿ ಬಳ್ಳಿಗೆ ಬಿಟ್ಟರು. ನಾಳಗಳನ್ನು ಸೀಳಿ ಬೆಳಕಿನಡಿ ನೋಡಿದರೆ ಮಿಣುಕುಹುಳುಗಳ ಸಾಲು. ನೂರು ವರ್ಷ ಕಾಣದೆ ಕೊಂದದ್ದು ಈಗ ಎಲ್ಲಿ ಹೋದರೂ ಕಾಣುತ್ತಿದೆ. ಕಂಡದ್ದು ಮಾತ್ರ ಎಲ್ಲರ ಲೆಕ್ಕ ತಪ್ಪಿಸಿತು. ಬ್ಯಾಕ್ಟೀರಿಯಾ ನಾಳಗಳನ್ನೆಲ್ಲ ತುಂಬಿ ಕಟ್ಟಿಬಿಡುತ್ತದೆಂದು ಭಾವಿಸಿದ್ದರಲ್ಲ, ಕಾಯಿಲೆಯ ಎಲೆಯಲ್ಲೂ ಪೂರ್ತಿ ಮುಚ್ಚಿದ ನಾಳಗಳು ಸ್ವಲ್ಪವೇ. ಹೆಚ್ಚಿನ ಕಡೆ ಸಣ್ಣ ಸಣ್ಣ ಗುಂಪು, ಅವಸರವಿಲ್ಲದೆ ಮುಂದೆ ಸಾಗುತ್ತಿರುವ ಗುಂಪು.

2004ರಲ್ಲಿ ಬಂದದ್ದು ಇನ್ನೂ ದೊಡ್ಡ ಆಘಾತ. ಈ ಬ್ಯಾಕ್ಟೀರಿಯಾಗಳು ತಮ್ಮೊಳಗೇ ಒಂದು ರಾಸಾಯನಿಕದ ಮೂಲಕ ಮಾತಾಡಿಕೊಳ್ಳುತ್ತವೆ. ಆ ರಾಸಾಯನಿಕ ತಯಾರಿಸುವ ಆರ್‌ಪಿಎಫ್‌ಎಫ್ ಎಂಬ ಜೀನನ್ನು ಲಿಂಡೋ ತಂಡ ಮುರಿಯಿತು. ಮಾತು ಕಿತ್ತುಕೊಂಡರೆ ಶತ್ರು ಸೋಲಬೇಕು, ಅಲ್ಲವೇ? ಬಳ್ಳಿಗೆ ಚುಚ್ಚಿ ಕಾದರು. ಮಾತಿಲ್ಲದ ಬ್ಯಾಕ್ಟೀರಿಯಾ ಹುಚ್ಚೆದ್ದ ಆನೆಯಾಯಿತು. ಮೊದಲಿಗಿಂತ ವೇಗವಾಗಿ ಹರಡಿತು, ಹೆಚ್ಚು ಬೇಗ ಬಳ್ಳಿಯನ್ನು ಕೆಡವಿತು. ಅದನ್ನು ಹೊತ್ತೊಯ್ಯಬೇಕಾದ ಜಿಗಿಹುಳುವಿನ ಬಾಯಲ್ಲಿ ಮಾತ್ರ ಅಂಟಿ ನಿಲ್ಲಲಾಗದೆ ತೊಳೆದುಹೋಯಿತು.

ಅಂದರೆ ಇದು ಬಳ್ಳಿಯೊಳಗೆ ಇಷ್ಟೂ ವರ್ಷ ತನ್ನನ್ನು ತಾನೇ ಹಿಡಿದಿಟ್ಟುಕೊಂಡಿತ್ತು! ಗುಂಪು ದೊಡ್ಡದಾದಾಗ ಸದ್ದು ಮಾಡಿ, ಸಾಕು, ಓಡಬೇಡಿ, ಅಂಟಿಕೊಳ್ಳಿ ಎಂದು ಹೇಳಿಕೊಳ್ಳುತ್ತಿತ್ತು. ಅಂಟಿ ನಿಂತರೆ ತಾನೇ ಹುಳುವಿನ ಬಾಯಲ್ಲಿ ಪ್ರಯಾಣ? ನೂರಾರು ಜಾತಿಯ ಗಿಡಗಳಲ್ಲಿ ಇದು ಯಾವ ಲಕ್ಷಣವನ್ನೂ ತೋರದೆ ತಣ್ಣಗೆ ಬದುಕಿಕೊಂಡಿದೆ. ಯುರೋಪಿನಿಂದ ಬಂದ ದ್ರಾಕ್ಷಿಯಂಥ ಕೆಲವು ಗಿಡಗಳಲ್ಲಿ ಮಾತ್ರ ಆ ಹಿಡಿತ ಸಾಲದೆ ಗಿಡ ಸಾಯುತ್ತದೆ. ಈ ಮಾತುಕತೆಯನ್ನು ಕೇಳಿಸಿಕೊಳ್ಳುವ ಕಿವಿ ಯಾವ ಜೀನಿನದು ಎಂಬುದನ್ನು 2008ರಲ್ಲಿ ಅದೇ ಪ್ರಯೋಗಾಲಯದ ಸುಭದೀಪ್ ಚಟರ್ಜಿ ಮತ್ತು ಜೊತೆಯವರು ತೋರಿಸಿದರು. ಚಟರ್ಜಿ ಮುಂದೆ ಹೈದರಾಬಾದಿನ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಮತ್ತು ಡಯಾಗ್ನಾಸ್ಟಿಕ್ಸ್ ಕೇಂದ್ರಕ್ಕೆ ಬಂದು ಸಸ್ಯರೋಗಾಣುಗಳ ಕೆಲಸವನ್ನೇ ಹಿಡಿದರು.

ಇನ್ನೊಂದು ಒಗಟು ಉಳಿದಿತ್ತು. ಬಳ್ಳಿಯಲ್ಲಿ ನೀರು ಬೇರಿನಿಂದ ಮೇಲಕ್ಕೆ ಹರಿಯುತ್ತದೆ. ಹುಳು ಕಚ್ಚುವುದು ಮೇಲೆ. ಕಾಯಿಲೆ ಕೆಳಗೂ ಇಳಿಯುತ್ತದೆ. ಪ್ರವಾಹಕ್ಕೆದುರು, ಈಜಲು ಬಾಲವೂ ಇಲ್ಲದ ಜೀವಿ ಹೋಗುವುದೆಂತು? ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಹಾರ್ವೆ ಹಾಕ್, ಥಾಮಸ್ ಬರ್ ಮತ್ತು ಸಂಗಡಿಗರು ಕೂದಲೆಳೆಯಂಥ ಕೃತಕ ನಾಳ ಮಾಡಿ ಅದರಲ್ಲಿ ದ್ರವ ಹರಿಸಿ ಬ್ಯಾಕ್ಟೀರಿಯಾ ಬಿಟ್ಟರು. 2005ರಲ್ಲಿ ಪ್ರಕಟವಾದ ಆ ದೃಶ್ಯವನ್ನು ಕಲ್ಪಿಸಿಕೊಳ್ಳಿ. ಪ್ರವಾಹದ ವೇಗ ನಿಮಿಷಕ್ಕೆ 20,000 ಮೈಕ್ರೋಮೀಟರ್. ಕೋಲಿನಂಥ ಬ್ಯಾಕ್ಟೀರಿಯಾ ಒಂದು ತುದಿಯಿಂದ ದಾರದಂಥ ರೋಮ ಎಸೆಯುತ್ತದೆ, ಅದು ಮುಂದೆಲ್ಲೋ ಗೋಡೆಗೆ ಕಚ್ಚುತ್ತದೆ, ದಾರವನ್ನು ಒಳಗೆಳೆದುಕೊಳ್ಳುತ್ತದೆ, ಮೈ ಒಂದು ಜಗ್ಗು ಮುಂದೆ. ಮತ್ತೆ ಎಸೆತ, ಮತ್ತೆ ಜಗ್ಗು. ನಿಮಿಷಕ್ಕೆ 5 ಮೈಕ್ರೋಮೀಟರಿನಷ್ಟು, ಭೋರ್ಗರೆವ ಹೊಳೆಗೆದುರಾಗಿ ಉಡದ ಹಾಗೆ ಹಿಡಿದು ಹಿಡಿದು ಏರುತ್ತದೆ. ಆ ಉದ್ದ ರೋಮದ ಜೀನ್ ಮುರಿದ ಬ್ಯಾಕ್ಟೀರಿಯಾ ಪ್ರವಾಹಕ್ಕೆದುರು ಒಂದು ಹೆಜ್ಜೆಯೂ ಇಡಲಾರದು.

ನಾಳದಿಂದ ನಾಳಕ್ಕೆ ದಾಟುವ ಬಾಗಿಲುಗಳೋ, ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಕಿರಿದಾದ ಜರಡಿಗಳು. ಅಲ್ಲಿನ ಪೆಕ್ಟಿನ್ನನ್ನು ಕರಗಿಸುವ ಕಿಣ್ವದ ಜೀನನ್ನು 2007ರಲ್ಲಿ ಡೇವಿಸ್‌ನ ಕ್ಯಾರೊಲಿನ್ ರೋಪರ್ ಮತ್ತು ಸಂಗಡಿಗರು ಮುರಿದರು. ಬ್ಯಾಕ್ಟೀರಿಯಾ ಚುಚ್ಚಿದ ಜಾಗದಲ್ಲೇ ಉಳಿಯಿತು, ಬಳ್ಳಿಗೆ ಕಾಯಿಲೆ ಬರಲಿಲ್ಲ. ಒಂದೇ ಕೀಲಿ ಕಿತ್ತರೆ ಕೊಲೆಗಡುಕ ಕೊಠಡಿಯಲ್ಲೇ ಬಂದಿ!

ಇಲ್ಲಿಗೆ ಗೆದ್ದಂತಾಯಿತೇ? ಇಲ್ಲ. ವಿಜ್ಞಾನದ ನ್ಯಾಯಾಲಯದಲ್ಲಿ ಇಷ್ಟಕ್ಕೇ ತೀರ್ಪು ಬರುವುದಿಲ್ಲ. ಜೀನ್ ಮುರಿದಾಗ ರೋಗ ನಿಂತಿತು, ಒಪ್ಪಿದೆವು. ಮುರಿಯುವ ಭರದಲ್ಲಿ ಪಕ್ಕದ ಇನ್ನೇನೋ ಕೆಟ್ಟಿರಲಾರದೇ? ಅದೇ ಜೀನನ್ನು ಮರಳಿ ಇಟ್ಟು, ರೋಗ ಮರಳಿ ಬಂದರೆ ಮಾತ್ರ ಸಾಕ್ಷ್ಯ ಪೂರ್ತಿ. ಮರಳಿ ಇಡುವುದೇ ಆಗುತ್ತಿರಲಿಲ್ಲ. ಪ್ಲಾಸ್ಮಿಡ್ಡಿನಲ್ಲಿಟ್ಟು ಕಳಿಸಿದರೆ ತಟ್ಟೆಯಲ್ಲಿ ಆಂಟಿಬಯಾಟಿಕ್ ಇರುವ ತನಕ ಬ್ಯಾಕ್ಟೀರಿಯಾ ಅದನ್ನು ಹೊತ್ತಿರುತ್ತದೆ. ಬಳ್ಳಿಯೊಳಗೆ ಆಂಟಿಬಯಾಟಿಕ್ ಎಲ್ಲಿಂದ ಬರಬೇಕು? ಬೇಡದ ಹೊರೆ ಎಂದು ಎಸೆದು ಹಗುರಾಗುತ್ತದೆ. ತಿಂಗಳುಗಟ್ಟಲೆ ಕಾದು ಬಳ್ಳಿ ಸೀಳಿ ನೋಡಿದರೆ ಬ್ಯಾಕ್ಟೀರಿಯಾ ಇದೆ, ಕಳಿಸಿದ ಜೀನ್ ಇಲ್ಲ.

ಡೇವಿಸ್‌ನಲ್ಲಿ ಅಯುಮಿ ಮಾಟ್ಸುಮೋಟೋ, ಮಿಶೆಲ್ ಇಗೋ ಮತ್ತು ಜೊತೆಯವರು ಈ ಗಂಟಿಗೆ ಕೈಹಾಕಿದರು. ಕ್ರೋಮೋಸೋಮಿನಲ್ಲಿ ಏನು ತುರುಕಿದರೂ ಬ್ಯಾಕ್ಟೀರಿಯಾಕ್ಕೆ ತೊಂದರೆಯಾಗದ ಒಂದು ತಟಸ್ಥ ಜಾಗ ಹುಡುಕಿದರು. ಜೀನನ್ನು ಅಲ್ಲಿಗೆ ಮರಳಿ ಹೊಲಿಯುವ ಹತ್ಯಾರು ಕಟ್ಟಿದರು. 2009ರಲ್ಲಿ ಅದು ಕೆಲಸ ಮಾಡಿತು. ಹೊಲಿದದ್ದು ಉದುರುವುದಿಲ್ಲ. ಆದರೆ ಹಳೆಯ ಶಾಪ ಹಾಗೆಯೇ ಇತ್ತು, ಕಳಿಸಿದ ಡಿಎನ್‌ಎ ಬಹುಪಾಲು ಒಳಗೇ ಸಾಯುತ್ತಿತ್ತು. ಚಕ್ರವ್ಯೂಹ ಹೊಕ್ಕ ಅಭಿಮನ್ಯುಗಳು, ಒಬ್ಬರ ಹಿಂದೊಬ್ಬರು.

ಕೊಲ್ಲುತ್ತಿರುವವರು ಯಾರು? ಬ್ಯಾಕ್ಟೀರಿಯಾಗಳಿಗೂ ತಮ್ಮವರಾರು ಪರರಾರು ಎಂಬ ವಿವೇಚನೆ ಇದೆ. ವೈರಸ್‌ಗಳ ದಾಳಿ ತಡೆಯಲು ಅವು ಕತ್ತರಿಗಳನ್ನು ಸಾಕಿರುತ್ತವೆ. ನಿರ್ದಿಷ್ಟ ಅಕ್ಷರಗಳ ಸಾಲು ಎಲ್ಲಿ ಕಂಡರೂ ಕತ್ತರಿಸುವ ಕಿಣ್ವಗಳು. ಹಾಗಾದರೆ ತಮ್ಮದೇ ಡಿಎನ್‌ಎ ಉಳಿಯುವುದು ಹೇಗೆ? ಅದೇ ಸಾಲುಗಳ ಮೇಲೆ ಮೀಥೈಲ್ ಎಂಬ ಪುಟ್ಟ ಗುರುತು ಒತ್ತಿರುತ್ತವೆ. ಗುರುತಿದ್ದರೆ ಕತ್ತರಿ ಮುಟ್ಟುವುದಿಲ್ಲ. ಈ. ಕೋಲಿಯಲ್ಲಿ ಬೆಳೆಸಿ ಕಳಿಸಿದ ಡಿಎನ್‌ಎ ಮೇಲೆ ಈ. ಕೋಲಿಯ ಗುರುತಿದೆ, ಕ್ಸೈಲೆಲ್ಲಾದ ಗುರುತಿಲ್ಲ. ಹೆಬ್ಬಾಗಿಲು ದಾಟಿದ ಕ್ಷಣವೇ ಚೂರು ಚೂರು.

ಲಂಕೆಯಲ್ಲಿ ಸೀತೆ ಹನುಮನನ್ನು ನಂಬಿದ್ದು ಅವನ ಕೈಯ ಉಂಗುರ ಕಂಡ ಮೇಲೆ. ಮಾಟ್ಸುಮೋಟೋ ಮತ್ತು ಇಗೋ ಆ ಉಂಗುರವನ್ನೇ ಕದ್ದರು. ಟೆಮೆಕ್ಯುಲಾ ತಳಿಯ ಜೀನೋಮಿನಲ್ಲಿ ಗುರುತು ಒತ್ತುವ ಕಿಣ್ವದ ಜೀನನ್ನು ಹುಡುಕಿ ತೆಗೆದು ಸಾಧು ಜೀವಿ ಈ. ಕೋಲಿಯ ಕ್ರೋಮೋಸೋಮಿಗೆ ಸೇರಿಸಿದರು. ಈಗ ಆ ಈ. ಕೋಲಿಯಲ್ಲಿ ಬೆಳೆದ ಯಾವುದೇ ಡಿಎನ್‌ಎಗೆ ಕ್ಸೈಲೆಲ್ಲಾದ ಮುದ್ರೆ ಬೀಳುತ್ತದೆ. ಮತ್ತೆ ಕುಪ್ಪಿ. ಮತ್ತೆ ಮಂಜಿನ ಹನಿ. ಮತ್ತೆ ಮಿಂಚು. ಮತ್ತೆ ದಿನಗಟ್ಟಲೆ ಕಾಯುವಿಕೆ.

ತಟ್ಟೆಯ ಮೇಲೆ ಚುಕ್ಕೆ. ಒಂದಲ್ಲ, ಎರಡಲ್ಲ. ಗುರುತಿಲ್ಲದ ಡಿಎನ್‌ಎಗೆ ಹೋಲಿಸಿದರೆ ಎಷ್ಟೋ ಪಟ್ಟು. ಕಾವಲುಗಾರರು ಮುದ್ರೆ ನೋಡಿ ದಾರಿ ಬಿಟ್ಟಿದ್ದರು. 2010ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ಪತ್ರಿಕೆಗಳ ಮುಖಪುಟ ಸಿಗಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಗಾಥೆಯ ನಿಜವಾದ ಕೋಟೆ ಬಾಗಿಲು ತೆರೆದದ್ದು ಇದೇ. ಔಷಧ ಕಂಡುಹಿಡಿದವರನ್ನು ಲೋಕ ಹೊಗಳುತ್ತದೆ. ಔಷಧ ಹುಡುಕಲು ಬೇಕಾದ ಹತ್ಯಾರು ಮಾಡಿಕೊಟ್ಟವರ ಹೆಸರು ಕೇಳಿದವರೇ ಕಡಿಮೆ.

ಮರುವರ್ಷ ಬರ್ಕ್ಲಿಯ ಸ್ಟೆಫನಿ ಕುಂಗ್ ಮತ್ತು ರೊಡ್ರಿಗೊ ಅಲ್ಮೇಡಾ ಇನ್ನೊಂದು ಗುಟ್ಟು ಬಿಚ್ಚಿದರು. ಕ್ಸೈಲೆಲ್ಲಾ ಬೆಳೆಯುವಾಗ ಸುತ್ತಲಿನ ಡಿಎನ್‌ಎಯನ್ನು ತಾನಾಗಿಯೇ ನುಂಗುತ್ತದೆ, ಹೊಂದಿಕೆಯಾದರೆ ತನ್ನ ಜೀನೋಮಿನೊಳಗೆ ನೇಯ್ದುಕೊಳ್ಳುತ್ತದೆ. ಮಿಂಚೇ ಬೇಕಿಲ್ಲ! ಸಂಶೋಧಕರಿಗೆ ಇದು ಸುಲಭದ ಬಾಗಿಲು. ರೈತರಿಗೆ ಇದೇ ಭಯದ ಸುದ್ದಿಯೂ ಹೌದು, ಒಂದು ತಳಿ ಇನ್ನೊಂದರ ಜೀನ್ ನುಂಗಿ ಹೊಸ ಗಿಡಕ್ಕೆ ದಾಳಿಯಿಡುವ ದಾರಿಯೂ ಇದರಲ್ಲೇ ಇದೆ.

ಇಷ್ಟರಿಂದ ತೋಟಕ್ಕೆ ಬಂದದ್ದೇನು? ಬ್ಯಾಕ್ಟೀರಿಯಾವನ್ನು ತಣ್ಣಗಾಗಿಸುವ ಅದರದೇ ಮಾತಿನ ರಾಸಾಯನಿಕವನ್ನು ಬಳ್ಳಿಯೇ ತಯಾರಿಸುವಂತೆ ಲಿಂಡೋ ತಂಡ ಜೀನ್ ಸೇರಿಸಿತು. ಆ ಬಳ್ಳಿಗಳಲ್ಲಿ ರೋಗ ಬಹಳ ತಗ್ಗಿದ್ದನ್ನು 2014ರಲ್ಲಿ ವರದಿ ಮಾಡಿತು. ಶತ್ರುವನ್ನು ಕೊಲ್ಲಲಿಲ್ಲ, ಸಾಕು ನಿಲ್ಲು ಎಂದು ಅದರ ಭಾಷೆಯಲ್ಲೇ ಹೇಳಿತು. ಇನ್ನೊಂದು ಕಡೆ ಡೇವಿಸ್‌ನ ಆಂಡ್ರ್ಯೂ ವಾಕರ್ ಮೆಕ್ಸಿಕೋದ ಕಾಡುದ್ರಾಕ್ಷಿಯೊಂದರ ರೋಗನಿರೋಧಕ ಜೀನನ್ನು ಸಾಂಪ್ರದಾಯಿಕ ಸಂಕರಣದಿಂದ, ಡಿಎನ್‌ಎ ಗುರುತುಗಳ ನೆರವಿನಿಂದ, ವೈನ್ ದ್ರಾಕ್ಷಿಗೆ ತಂದರು. 2019ರ ಕೊನೆಯಲ್ಲಿ ಹೊರಬಂದ ಐದು ತಳಿಗಳಲ್ಲಿ ಶೇ. 94ರಿಂದ 97ರಷ್ಟು ಹಳೆಯ ಯುರೋಪಿಯನ್ ದ್ರಾಕ್ಷಿಯೇ. ಈಗಾಗಲೇ ಕಾಯಿಲೆಬಿದ್ದ ತೋಟಕ್ಕೆ ಮಾತ್ರ ಇವತ್ತಿಗೂ ಮದ್ದಿಲ್ಲ. ಕಾಯಿಲೆಬಿದ್ದ ಬಳ್ಳಿಯನ್ನು ಕಿತ್ತು ಹಾಕುವುದೇ ದಾರಿ.

ಅತ್ತ ಬ್ಯಾಕ್ಟೀರಿಯಾ ಕಡಲು ದಾಟಿದೆ. 2013ರಲ್ಲಿ ಇಟಲಿಯ ಪುಲಿಯಾದಲ್ಲಿ ಕಾಣಿಸಿಕೊಂಡು ಲಕ್ಷಾಂತರ ಆಲಿವ್ ಮರಗಳನ್ನು ಒಣಗಿಸಿತು, ಅವುಗಳಲ್ಲಿ ಶತಮಾನಗಳ ವಯಸ್ಸಿನವೂ ಇದ್ದವು. ಸ್ಪೇನಿನ ಮಯ್ಯೋರ್ಕಾ ದ್ವೀಪದ ದ್ರಾಕ್ಷಿಯಲ್ಲೂ ಸಿಕ್ಕಿದೆ.

ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರಿಗೆ ಬ್ಯಾಕ್ಟೀರಿಯಾ ಎಂದರೆ ಗೊತ್ತಿಲ್ಲದ್ದೇನಲ್ಲ. ಮಳೆ ಹನಿಯಲ್ಲಿ ಸಿಡಿದು, ಬಳ್ಳಿ ಸವರುವ ಚಾಟ್ನಿಯ ಕತ್ತರಿಗೆ ಅಂಟಿ ಬಳ್ಳಿಯಿಂದ ಬಳ್ಳಿಗೆ ಹೋಗುವ ಕ್ಯಾಂಕರ್ ರೋಗ 1972ರಷ್ಟು ಹಿಂದೆಯೇ ಭಾರತದಲ್ಲಿ ದಾಖಲಾಗಿದೆ. ಅದು ಕ್ಸ್ಯಾಂತೊಮೊನಾಸ್ ಕುಲದ್ದು, ಕ್ಸೈಲೆಲ್ಲಾದ ದಾಯಾದಿ. ಎಲೆಯ ಮೇಲೆ ಚುಕ್ಕೆ, ಕಾಂಡದಲ್ಲಿ ಸೀಳು, ಕಣ್ಣಿಗೆ ಬೀಳುತ್ತದೆ. ಕತ್ತರಿಯನ್ನು ಪ್ರತಿ ಬಳ್ಳಿಗೂ ಸೋಂಕುನಾಶಕದಲ್ಲಿ ಅದ್ದಿದರೆ ಅದರ ಓಟಕ್ಕೆ ತಡೆ ಹಾಕಬಹುದು. ಕ್ಸೈಲೆಲ್ಲಾ ಹಾಗಲ್ಲ. ಹಸಿರಾಗಿ ಕಾಣುವ ಒಂದು ಕಡ್ಡಿಯೊಳಗೆ ಸದ್ದಿಲ್ಲದೆ ಕುಳಿತು ಬರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿರುವ, ಅಲ್ಲಿಗೆ ಹೋಗಿ ಬರುವ ಕನ್ನಡಿಗರು ಈಗ ಸಾವಿರಾರು. ಅಲ್ಲಿನ ತೋಟದಲ್ಲಿ ಕಂಡ ಒಳ್ಳೆಯ ತಳಿಯ ಒಂದು ಕಡ್ಡಿಯನ್ನು, ಒಂದು ಹೂಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ತರಬೇಡಿ. ಬೇಕಾದರೆ ಕ್ವಾರಂಟೈನ್ ಕೇಂದ್ರದ ಮೂಲಕ, ಪರೀಕ್ಷೆ ಮಾಡಿಸಿ, ತಡವಾದರೂ ಕಾಯ್ದು ತನ್ನಿ. ಅನಾಹೈಮ್‌ನಲ್ಲಿ ಇವತ್ತು ಒಂದು ಕಾಲದ ಆ ದ್ರಾಕ್ಷಿ ತೋಟಗಳಿಲ್ಲ.